ಹೆಸರು ಹಿಡಿದು ಕರೆದವಳು

ಗಬ್ಬೂರಿನ ಬೈಪಾಸ್ ರಸ್ತೆಯ ಮಗ್ಗುಲಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡುಗಳಿವೆಯಲ್ಲ, ಅಲ್ಲಿ ಹೋಗಿ ರುಕ್ಮವ್ವ ಎಂದರೆ ಯಾರಿಗೂ ತಿಳಿಯುವುದಿಲ್ಲ. ಪೇಂಟರ್ ದುರಗಪ್ಪನ ಹೆಂಡತಿ ಎನ್ನಬೇಕು. ಆಗ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಓಣಿಯವರೆಗೂ ಬಂದು ಮನೆ ತೋರಿಸುತ್ತಾರೆ. ಹೀಗೆ ಬದುಕಿನುದ್ದಕ್ಕೂ ಗಂಡನ ಹೆಸರಿನಿಂದಲೇ ಗುರುತಾದ ಹೆಂಗಸು, ಆ ಹೆಸರನ್ನು ಮಾತ್ರ ಬಾಯಿಂದ ಆಡಿದವಳಲ್ಲ. ಗಂಡನ ಹೆಸರು ತೆಗೆದರೆ ಅವನ ಆಯುಷ್ಯ ಸವೆಯುತ್ತದೆ ಎಂದು ತವರೂರು ಮುಗದದಲ್ಲಿ ಅವಳ ಅವ್ವ ಕಿವಿಯಲ್ಲಿ ಊದಿ ಕಳಿಸಿದ್ದಳು. ರೇಷನ್ ಅಂಗಡಿಯವನು ಯಜಮಾನರ ಹೆಸರೇನು ಎಂದು ಕೇಳಿದರೆ ಇವಳು ಮಗಳು ವಿದ್ಯಾಳ ಮುಖ ನೋಡುವಳು. ಮಗಳು ಜೊತೆಗಿಲ್ಲದಿದ್ದರೆ ಹೊರಗೆ ನಿಂತ ಲಾರಿಯ ಹಿಂಬದಿಗೆ ಬೆರಳು ಮಾಡುವಳು. ಅಲ್ಲಿ ಮೂಲೆಯಲ್ಲಿ ಚಿಕ್ಕದಾಗಿ ‘ದುರಗಪ್ಪ ಆರ್ಟ್ಸ್’ ಎಂದು ಬರೆದಿರುತ್ತಿತ್ತು. ಇದೆಂಥ ಹಳೇ ಕಾಲದ ಹೆಂಗಸಪ್ಪ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ಆಕೆಗೇನೂ ಬೇಜಾರಿಲ್ಲ.

ಒಮ್ಮೆ ಮಾತ್ರ ಹೇಳಿದ್ದಳು. ಮದುವೆಯಾಗಿ ಬಂದ ದಿನ, ನಮ್ಮ ಕಡೆಯ ರೂಢಿಯಂತೆ, ಒಡಪಿನಲ್ಲಿ ಗಂಡನ ಹೆಸರು ಕೂಡಿಸಿ ಹೇಳುವ ತನಕ ನಾದಿನಿಯರು ಬಾಗಿಲು ಬಿಡಲಿಲ್ಲ. ‘ಹೊಸ್ತಿಲಕ ಹಚ್ಚೇರಿ ಹಳದಿ ಬಣ್ಣ, ದುರಗಪ್ಪನೋರ ಹೆಸರ ಹೇಳೇನಿ, ಒಳಗ ಬಿಡ್ರಿ ನನ್ನ’ ಎಂದು ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದ್ದಳು. ಆಮೇಲೆಲ್ಲ ಬರೀ ‘ರೀ’. ಆ ಒಂದಕ್ಷರವನ್ನು ಆಕೆ ಎಷ್ಟು ನಮೂನೆ ಆಡುತ್ತಿದ್ದಳೆಂದರೆ, ದೂರದ ಶೆಡ್ಡಿನಲ್ಲಿ ಏಣಿಯ ಮೇಲೆ ನಿಂತ ದುರಗಪ್ಪನಿಗೆ ಅದು ಊಟದ ರೀಯೋ, ಜಗಳದ ರೀಯೋ, ನೆಂಟರು ಬಂದ ರೀಯೋ ತಿಳಿದುಬಿಡುತ್ತಿತ್ತು. ಕುಂಚ ಬಾಯಲ್ಲಿ ಕಚ್ಚಿಕೊಂಡು ತಿರುಗಿ ನೋಡುವನು. ಆ ನೋಟ ಇದ್ದರೆ ಆಕೆಗೆ ಮತ್ತೇನೂ ಬೇಡ. ಖಾನಾವಳಿಗೆ ರೊಟ್ಟಿ ಬಡಿದು ಸೊಂಟ ಬಿದ್ದುಹೋಗಿದ್ದರೂ ಚಹಾದ ಕೆಟಲಿ ಹಿಡಿದು ತಾನೇ ಶೆಡ್ಡಿಗೆ ಹೋಗುತ್ತಿದ್ದುದು ಅದಕ್ಕೇ.

ದುರಗಪ್ಪ ಮಾತಿನಲ್ಲಿ ಜಿಪುಣ. ಅಕ್ಷರದಲ್ಲಿ ಮಾತ್ರ ಧಾರಾಳಿ. ಗೆರೆ ಎಳೆದುಕೊಳ್ಳದೆ, ಅಚ್ಚು ಇಟ್ಟುಕೊಳ್ಳದೆ, ಲಾರಿಯ ಹಲಗೆಯ ಮೇಲೆ ನೇರ ಕುಂಚ ಇಳಿಸಿ ಮಾಲೀಕನ ಹೆಸರು, ದೇವರ ಹೆಸರು, ಮಕ್ಕಳ ಹೆಸರು ಬರೆಯುವನು. ಬರೆಯುವಾಗ ಪಕ್ಕದಲ್ಲಿ ಟೈರು ಸಿಡಿದರೂ ಅವನ ಕಣ್ಣು ಅಲುಗುವುದಿಲ್ಲ. ‘ಲಕ್ಷ್ಯ ಅಂದ್ರ ಹಿಂಗಿರಬೇಕು ನೋಡ್ರಲೇ’ ಎಂದು ಶೆಡ್ಡಿನ ಮಾಲೀಕ ಇಸ್ತಿಯಾಕ ತನ್ನ ಕೆಲಸಗಾರರನ್ನು ಬೈಯುವಾಗೆಲ್ಲ ಅವನನ್ನೇ ತೋರಿಸುವನು.

ಅಂಥ ದುರಗಪ್ಪನ ಅಕ್ಷರಗಳು ಸಣ್ಣಗಾಗತೊಡಗಿದವು. ಸಾಲಿನ ಮೊದಲಕ್ಷರ ದಷ್ಟಪುಷ್ಟವಾಗಿರುತ್ತಿತ್ತು, ಮುಂದಿನದು ಅದಕ್ಕಿಂತ ಚಿಕ್ಕದು, ಕೊನೆಗೆ ಬರುವಷ್ಟರಲ್ಲಿ ಓದಲು ಕನ್ನಡಕ ಬೇಕು. ಇಸ್ತಿಯಾಕ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಏ ದುರಗಪ್ಪಣ್ಣಾ, ಮಾಲಕರ ಹೆಸರನ್ನ ಆನಿಯಂಗ ಶುರು ಮಾಡಿ ಇರವಿಯಂಗ ಮುಗಸೀಯಲ್ಲೋ!’ ಎಂದ. ದುರಗಪ್ಪ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಅಳಿಸಿ ಮತ್ತೆ ಬರೆದ. ಮತ್ತೂ ಹಾಗೆಯೇ ಆಯಿತು. ಇಸ್ತಿಯಾಕನ ನಗೆ ಅಲ್ಲಿಗೇ ನಿಂತಿತು.

ರುಕ್ಮವ್ವನಿಗೆ ಅಕ್ಷರದ ಚಿಂತೆ ಆಗಲಿಲ್ಲ. ಆಕೆಯನ್ನು ಕಾಡಿದ್ದು ಗಂಡನ ಮುಖ. ಚಹಾ ಒಯ್ದು ‘ರೀ’ ಎಂದರೆ ಅವನು ತಿರುಗುತ್ತಿರಲಿಲ್ಲ. ಮನೆಯಲ್ಲಿ ಎದುರು ಕುಳಿತು ಓಣಿಯ ಸುದ್ದಿಯನ್ನೆಲ್ಲ ಸುರಿದರೂ ಹೂಂ ಇಲ್ಲ, ಉಹೂಂ ಇಲ್ಲ. ಹುಬ್ಬು ಸಹ ಏರುವುದಿಲ್ಲ. ಮುಖಕ್ಕೆ ಯಾರೋ ಬಣ್ಣ ಬಳಿಯದೆ ಬರೀ ಪ್ರೈಮರ್ ಹೊಡೆದು ಬಿಟ್ಟಂತೆ ಕಾಣುತ್ತಿತ್ತು. ‘ನಾ ಏನ್ ಗ್ವಾಡಿ ಕೂಡ ಮಾತಾಡಾಕತ್ತೇನೇನ್ರಿ? ನಿಮ್ಮ ಲಕ್ಷ್ಯ ಎಲ್ಲೈತ್ರಿ?’ ಎಂದು ಕೂಗಾಡಿದಳು. ಒಂದು ದಿನ ಸಿಟ್ಟಿಗೆ ತಟ್ಟೆಯನ್ನೇ ಕುಕ್ಕಿದಳು. ಅವನು ತಟ್ಟೆ ನೋಡಿದ, ಆಕೆಯನ್ನು ನೋಡಲಿಲ್ಲ. ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮೇಲೆ ತಲೆಯಿಟ್ಟು ಅತ್ತಳು. ಇಷ್ಟು ವರ್ಷ ಬಾಳ್ವೆ ಮಾಡಿದ ಮೇಲೆ ಬೇಡವಾದೆನೇ ಎಂಬ ಸಂಕಟ ಅದು.

ಕೊನೆಗೆ ವಿದ್ಯಾ ಅವ್ವನನ್ನೂ ಕೂಡಿಸಿಕೊಂಡು ಅಪ್ಪನನ್ನು ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ಅವನನ್ನು ನಡೆಸಿ ನೋಡಿದರು, ಬೆರಳು ಆಡಿಸಿ ನೋಡಿದರು, ಕಾಗದದ ಮೇಲೆ ಬರೆಸಿ ನೋಡಿದರು. ಪಾರ್ಕಿನ್ಸನ್ ಎಂದರು. ‘ಮೆದುಳಿನೊಳಗ ಡೋಪಮಿನ್ ಅಂತ ಒಂದ್ ರಸ ಇರ್ತದ್ರಿ. ಅದು ಇವರಿಗೆ ಕಡಿಮಿ ಆಗ್ಯದ. ಅದಕ್ಕ ಕೈ ನಿಧಾನ, ಮಾರಿ ಮ್ಯಾಲೆ ಭಾವನೆ ಇಲ್ಲ’ ಎಂದು ತಿಳಿಸಿ ಹೇಳಿ, ಗುಳಿಗೆ ಬರೆದರು. ಬಾಗಿಲ ಹತ್ತಿರ ಕಾಲು ಅಂಟಿಕೊಂಡವರಂತೆ ನಿಂತರೆ ಹೆಸರು ಹಿಡಿದು ಗಟ್ಟಿಯಾಗಿ ಕರೆಯಿರಿ, ಹೆಜ್ಜೆ ಕೀಳುತ್ತಾರೆ ಎಂದರು. ರುಕ್ಮವ್ವ ತಲೆ ತಗ್ಗಿಸಿದಳು. ‘ಡಾಕ್ಟರ್, ನಮ್ಮವ್ವ ಜೀವಾ ಬಿಟ್ಟಾಳು, ಹೆಸರ ಹಿಡಿಯಾಕಿ ಅಲ್ರಿ’ ಎಂದು ವಿದ್ಯಾ ನಕ್ಕಳು. ಡಾಕ್ಟರಮ್ಮನೂ ನಕ್ಕರು. ಆದರೆ ರುಕ್ಮವ್ವನ ತಲೆಯಲ್ಲಿ ಒಂದೇ ಮಾತು ಉಳಿಯಿತು: ಏನೋ ಕಡಿಮೆಯಾಗಿದೆ. ಗಂಡ ತನ್ನಿಂದ ಮುಖ ತಿರುಗಿಸಿದ್ದಲ್ಲ, ಒಂದು ರಸ ಬತ್ತಿದೆ, ಅಷ್ಟೇ. ಬತ್ತಿದ್ದನ್ನು ತುಂಬಿದರಾಯಿತು. ಎಷ್ಟೋ ದಿನಗಳ ಮೇಲೆ ಆಕೆಗೆ ಹೊಟ್ಟೆ ತುಂಬ ಊಟ ಸೇರಿತು.

ಗುಳಿಗೆಯಿಂದ ಕೈ ಸ್ವಲ್ಪ ಸಡಿಲಾಯಿತು. ಮುಖ ಮಾತ್ರ ಹಾಗೇ ಇತ್ತು. ಡಾಕ್ಟರಮ್ಮ ತಾಳ್ಮೆ ಇರಲಿ ಎಂದಿದ್ದರು. ತಾಳ್ಮೆ ಎಂದು ಹೇಳುವುದು ಸುಲಭ, ಕಲ್ಲಿನಂಥ ಮುಖದ ಎದುರು ಕುಳಿತು ದಿನಾ ರೊಟ್ಟಿ ಮುರಿಯುವವರಿಗೆ ಗೊತ್ತು ಅದರ ಬಾಧೆ.

ವಿದ್ಯಾ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿ ದೇಶಪಾಂಡೆ ನಗರದಲ್ಲಿ. ಪಕ್ಕದಲ್ಲೇ ರಾಜಶೇಖರ ಎಂಬವನದು ಜಿಮ್ ಹುಡುಗರಿಗೆ ಪುಡಿ, ಕ್ಯಾಪ್ಸೂಲ್ ಮಾರುವ ಅಂಗಡಿ. ಮಗಳು ಫೋನಿನಲ್ಲಿ ನೋಡುತ್ತಿದ್ದ ವಿಡಿಯೋದಲ್ಲಿ ಒಂದು ಸಂಜೆ ಯಾರೋ ಬಡಬಡ ಮಾತಾಡುತ್ತಿದ್ದ: ಡೋಪಮಿನ್ ಇಳಿದರೆ ಮನಸ್ಸು ನಿಲ್ಲುವುದಿಲ್ಲ, ಡೋಪಮಿನ್ ಏರಿದರೆ ಗಮನ ಬರುತ್ತದೆ. ರೊಟ್ಟಿ ಬಡಿಯುತ್ತಿದ್ದ ರುಕ್ಮವ್ವನ ಕೈ ತಟ್ಟನೆ ನಿಂತಿತು. ಡಾಕ್ಟರಮ್ಮ ಹೇಳಿದ ಮಾತೇ ಅಲ್ಲವೇ ಇದು! ಅದನ್ನು ಏರಿಸುವ ಪುಡಿ ನಮ್ಮ ಅಂಗಡಿಯ ಪಕ್ಕದಲ್ಲೇ ಸಿಗುತ್ತದೆ ಎಂದಳು ವಿದ್ಯಾ, ಮರುದಿನ ತಾಯಿ ಮಗಳು ಇಬ್ಬರೂ ರಾಜಶೇಖರನ ಅಂಗಡಿ ಮೆಟ್ಟಿಲು ಹತ್ತಿದರು.

ರಾಜಶೇಖರ ಮೋಸಗಾರನಲ್ಲ, ಹಾಗೆಂದುಕೊಳ್ಳಬೇಡಿ. ತಾನು ದಿನಾ ನುಂಗುವುದನ್ನೇ ತೆಗೆದು ಕೊಟ್ಟ. ‘ಮನಸ್ಸು ನಿಂದ್ರಾಕ ಇದಕ್ಕಿಂತ ಛಲೋದು ಇಲ್ಲರಿ ಕಾಕೂ. ಔಷಧ ಅಲ್ಲ ಮತ್ತ ಇದು, ಆಹಾರ ಇದ್ದಂಗ. ನಮ್ಮ ಬೇಲಿ ನಸಗುನ್ನಿ ಐತಲ್ಲ, ಅದರ ಬೀಜ’ ಎಂದ.

‘ಅಯ್ಯ ಶಿವನ! ಮೈ ಪರಪರಾ ಕೆರಕೊಳ್ಳೋ ನಸಗುನ್ನಿ?’ ರುಕ್ಮವ್ವ ಬಾಯಿಗೆ ಸೆರಗಿಟ್ಟು ನಕ್ಕಳು. ಮುಗದದ ಹೊಲದ ಬೇಲಿಯಲ್ಲಿ ಆ ಕಾಯಿ ಮುಟ್ಟಿ ತುರಿಕೆ ಇಳಿಯಲು ಮೈಯೆಲ್ಲ ಸೆಗಣಿ ಬಳಿದುಕೊಂಡ ನೆನಪು ಬಂತು. ತವರಿನ ಬೇಲಿಯ ಗಿಡ ಎಂದ ಮೇಲೆ ಅನುಮಾನ ಎಲ್ಲಿಂದ ಬರಬೇಕು? ದುರಗಪ್ಪನ ರೋಗ ಏನು, ಅವನು ಯಾವ ಗುಳಿಗೆ ತಿನ್ನುತ್ತಾನೆ ಎಂದು ರಾಜಶೇಖರ ಕೇಳಲಿಲ್ಲ, ಇವರು ಹೇಳಲಿಲ್ಲ. ವಯಸ್ಸಾದವರಿಗೆ ಲಕ್ಷ್ಯ ನಿಲ್ಲುವುದಿಲ್ಲ ಎಂದಷ್ಟೇ ಹೇಳಿ ಡಬ್ಬಿ ತಂದರು. ಮುಂದಿನ ಸಲ ತೋರಿಸಲು ಹೋದಾಗ, ಬೇರೆ ಔಷಧ ಏನಾದರೂ ನಡೆದಿದೆಯೇ ಎಂದು ಡಾಕ್ಟರಮ್ಮ ಕೇಳಿದರೆ ರುಕ್ಮವ್ವ ಪ್ರಾಮಾಣಿಕವಾಗಿ ‘ಇಲ್ರಿ’ ಎಂದಳು. ಆಹಾರ ಇದ್ದಂಗ ಎಂದಿದ್ದನಲ್ಲ ಅವನು.

ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟಳು. ಸ್ವಲ್ಪ ದಿನ ಏನೂ ಕಾಣಲಿಲ್ಲ. ಆಮೇಲೊಂದು ಮುಂಜಾನೆ ಚಹಾ ಇಟ್ಟು ಹೊರಳುವಾಗ ಹಿಂದಿನಿಂದ ದನಿ ಬಂತು. ‘ಶುಂಠಿ ಹಾಕೀಯೇನ ಇವತ್ತ?’

ಆಕೆ ಹೊರಳಿ ನೋಡಿದಳು. ಅವನು ನೋಡುತ್ತಿದ್ದ. ತುಟಿಯ ಒಂದು ಅಂಚು ಮೇಲಕ್ಕೆದ್ದಿತ್ತು. ‘ಹಾಕೇನ್ರಿ’ ಎಂದಳು. ಹಿತ್ತಲಿಗೆ ಹೋಗಿ, ಮಗಳನ್ನು ತಬ್ಬಿಕೊಂಡು, ‘ನಿಮ್ಮಪ್ಪ ಬಂದ್ರವ್ವ, ತಿರಗಿ ಬಂದ್ರು’ ಎಂದು ಕಣ್ಣೊರೆಸಿಕೊಂಡಳು. ಆ ಕೆಲವು ವಾರ ಆಕೆಯ ಕಾಲು ನೆಲಕ್ಕೆ ತಾಗಲಿಲ್ಲ. ದುರಗಪ್ಪ ಶೆಡ್ಡಿಗೆ ಹೋದ, ಅಕ್ಷರ ದೊಡ್ಡದಾಯಿತು, ಇಸ್ತಿಯಾಕ ತನ್ನ ಖರ್ಚಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ ತರಿಸಿದ.

ಒಂದೇ ರೊಟ್ಟಿ ಬಡಿಸಿ ಸುಮ್ಮನಾಗುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಬೇಕು. ಸಾಕು ಎಂದವನ ತಟ್ಟೆಗೆ ಮತ್ತೊಂದು ಬಿದ್ದಾಗಲೇ ಉಪಚಾರ. ರುಕ್ಮವ್ವ ಮುಂಜಾನೆಯದರ ಜೊತೆ ಸಂಜೆಯೂ ಒಂದು ಕ್ಯಾಪ್ಸೂಲ್ ಶುರು ಮಾಡಿದಳು. ಇಷ್ಟರಿಂದ ಇಷ್ಟು ಗುಣ ಆಗಿದ್ದರೆ, ಇನ್ನಷ್ಟು ಕೊಟ್ಟರೆ ಮೊದಲಿನ ಮನುಷ್ಯನೇ ಆಗುತ್ತಾನೆ ಎಂಬ ಲೆಕ್ಕ. ಬೀಜದ ಪುಡಿ ತಾನೇ ಎಂದುಕೊಂಡಳು.

ದುರಗಪ್ಪ ಮೊದಲಿನ ಮನುಷ್ಯನನ್ನೂ ದಾಟಿ ಹೋದ. ಕುಳಿತಲ್ಲಿ ಕೂಡಲಾರ, ನಿಂತಲ್ಲಿ ನಿಲ್ಲಲಾರ. ನೀರಿನ ಟಾಕಿಗೆ ಹೆಸರು ಬರೆದ, ಬಾಗಿಲಿಗೆ ಬರೆದ, ಪಕ್ಕದ ಮನೆಯ ಬೈಕಿನ ಸೀಟಿಗೂ ಬರೆದು ಬೈಸಿಕೊಂಡ. ನಂತರ ಮಾಳಿಗೆಯ ಮೇಲೆ ಯಾರೋ ಕುಳಿತಿದ್ದಾರೆ, ಅವರಿಗೂ ಚಹಾ ಕೊಡು ಎನ್ನತೊಡಗಿದ. ಇಲ್ಲ ಎಂದರೆ ಸಿಟ್ಟು. ರುಕ್ಮವ್ವ, ಲಕ್ಷ್ಯ ಮತ್ತೆ ಚದುರಿತಲ್ಲಪ್ಪ ಎಂದು ಹೆದರಿ, ಅಯ್ಯೋ, ಏನೆಂದು ಹೇಳಲಿ ಆ ತಾಯಿಗೆ, ಮಧ್ಯಾಹ್ನವೂ ಒಂದು ಕೊಟ್ಟಳು.

ಆ ಮಧ್ಯಾಹ್ನದ ಸುದ್ದಿ ಇಡೀ ಗಬ್ಬೂರಿಗೆ ಗೊತ್ತು. ಊಟಕ್ಕೆ ಕರೆಯಲು ಹೋದವಳಿಗೆ ಗಂಡ ಶೆಡ್ಡಿನಲ್ಲಿ ಕಾಣಲಿಲ್ಲ. ಕೈಯಲ್ಲಿ ಕುಂಚ ಹಿಡಿದು, ಚಪ್ಪಲಿ ಇಲ್ಲದೆ, ಬೈಪಾಸಿನ ನಟ್ಟನಡುವೆ ನಡೆದಿದ್ದ. ಲಾರಿಗಳ ಮೇಲೆ ಕುಳಿತವರು ಕರೆಯುತ್ತಿದ್ದಾರೆಂದು ಅವನ ಮನಸ್ಸು. ‘ರೀ! ಏನ್ರೀ! ಇಲ್ಲಿ ನೋಡ್ರೀ!’ ಎಂದು ರುಕ್ಮವ್ವ ಅರಚಿದಳು. ರಸ್ತೆಯ ಆಚೆ ಈಚೆ ಇದ್ದವರೆಲ್ಲ ತಿರುಗಿದರು, ಅವನೊಬ್ಬ ತಿರುಗಲಿಲ್ಲ. ಎದುರಿನಿಂದ ಕಬ್ಬಿಣ ಹೇರಿದ ಲಾರಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು.

‘ದುರಗಪ್ಪಾ!’

ಯಾರು ಕೂಗಿದರೆಂದು ಆಕೆಗೇ ಒಂದು ಕ್ಷಣ ತಿಳಿಯಲಿಲ್ಲ. ಗಂಟಲು ತನ್ನದೇ. ಅವನು ಗಕ್ಕನೆ ನಿಂತ. ಲಾರಿ ಅವನ ಅಂಗಿಗೆ ಗಾಳಿ ಬೀಸಿ ಮುಂದೆ ಹೋಯಿತು. ಓಡಿ ಹೋಗಿ ಕೈ ಹಿಡಿದು ಈಚೆ ಎಳೆದು ತಂದಳು, ಎದೆಗೆ ಬಡಿದುಕೊಂಡಳು, ಅಳುತ್ತಲೇ ಬೈದಳು. ದುರಗಪ್ಪ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ.

‘ಯಾರವ್ವಾ ನೀವು?’ ಎಂದ.

‘ನಾನ್ರೀ. ನಾನು.’

‘ನಮ್ಮಾಕಿಯಂಗ ಅದೀರಿ. ಆದ್ರ ನಮ್ಮಾಕಿ ನನ್ನ ಹೆಸರ ತಗೋಳಾಕಿ ಅಲ್ಲ’ ಎಂದ ಅವನು, ತೀರಾ ಮರ್ಯಾದೆಯಿಂದ.

ಅವನು ಹೇಳಿದ್ದು ಖರೆಯೇ ಅಲ್ಲವೇ. ಮದುವೆಯಾದಾಗಿನಿಂದ ನೀ, ಬಾ, ಹೋಗು ಎಂದವನ ಬಾಯಲ್ಲಿ ‘ನೀವು’ ಕೇಳಿ ರುಕ್ಮವ್ವ ರಸ್ತೆಯ ಬದಿಯಲ್ಲೇ ಕುಸಿದು ಕುಳಿತಳು. ಇಸ್ತಿಯಾಕ ಆಕೆಯನ್ನು ಎಬ್ಬಿಸಿ ಇಬ್ಬರನ್ನೂ ಆಟೋ ಹತ್ತಿಸಿದ.

ದವಾಖಾನೆಗೆ ವಿದ್ಯಾ ಡಬ್ಬಿಯನ್ನೂ ಹಿಡಿದುಕೊಂಡು ಬಂದಿದ್ದಳು. ಡಾಕ್ಟರಮ್ಮ ಅದರ ಚೀಟಿ ಓದಿ ಕಣ್ಣು ಮುಚ್ಚಿಕೊಂಡರು. ‘ನಾನು ಕೊಟ್ಟ ಗುಳಿಗ್ಯಾಗ ಏನದನೋ ಈ ಬೀಜದಾಗೂ ಅದೇ ಅದರಿ. ಅದರ ಮ್ಯಾಲೆ ಇದು, ಇದರ ಮ್ಯಾಲೆ ಅದು. ಕಡಿಮಿ ಇದ್ದರ ಹೆಂಗ ತ್ರಾಸೋ, ಹೆಚ್ಚಾದ್ರೂ ಹಂಗ. ಇಲ್ಲದ್ದೆಲ್ಲಾ ಕಾಣ್ತದ’ ಎಂದರು.

‘ಇದರಿಂದನ ನನ್ನ ಗುರ್ತು ಹೋತೇನ್ರಿ? ನನ್ನ ಕೈಯಾರೆ?’

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಇದರಿಂದನೂ ಇರಬಹುದು, ಆ ರೋಗ ಮುಂದುವರದೂ ಹಿಂಗ ಆಗ್ತದ. ಯಾವುದು ಎಷ್ಟು ಅಂತ ಬ್ಯಾರೆ ಮಾಡಿ ಹೇಳಾಕ ನನಗೂ ಬರೂದಿಲ್ಲವ್ವಾ’ ಎಂದರು. ಆ ಮಾತು ರುಕ್ಮವ್ವನ ಹೊಟ್ಟೆಯಲ್ಲಿ ಮುಳ್ಳಾಗಿ ಉಳಿಯಿತು. ತಾನೇ ಮಾಡಿದ್ದು ಎಂದು ಗೊತ್ತಾದರೆ ಅತ್ತು ಮುಗಿಸಬಹುದು. ತಾನಲ್ಲ ಎಂದು ಗೊತ್ತಾದರೆ ದೇವರನ್ನು ಬೈಯಬಹುದು. ಈಗ ಎರಡಕ್ಕೂ ದಾರಿಯಿಲ್ಲ. ರಾಜಶೇಖರ ಸುದ್ದಿ ಕೇಳಿ ಮನೆಗೇ ಬಂದ, ಬಾಗಿಲಲ್ಲಿ ನಿಂತು ತಲೆ ಎತ್ತಲಿಲ್ಲ. ‘ನೀ ಏನ್ ಮಾಡ್ತೀಯಪ್ಪಾ, ನಾವ ಹೇಳಲಿಲ್ಲ’ ಎಂದು ಆಕೆಯೇ ಸಮಾಧಾನ ಮಾಡಿ ಕಳಿಸಿದಳು. ವಿದ್ಯಾ ಮಾತ್ರ ತನ್ನನ್ನು ತಾನು ಕ್ಷಮಿಸಿಕೊಂಡಿಲ್ಲ, ಫೋನನ್ನು ಈಗ ಮಾತಾಡುವುದಕ್ಕಲ್ಲದೆ ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ.

ಕ್ಯಾಪ್ಸೂಲ್ ನಿಂತಿತು, ಗುಳಿಗೆಯ ಪ್ರಮಾಣ ಬದಲಾಯಿತು. ಮಾಳಿಗೆಯ ಮೇಲಿನವರು ಇಳಿದು ಹೋದರು. ಅವನ ಓಡಾಟ ನಿಂತಿತು, ಕೈ ನಡುಗಿತು, ಮುಖ ಮತ್ತೆ ಕಲ್ಲಾಯಿತು. ಮಗಳ ಗುರುತು ಹಿಡಿಯುತ್ತಾನೆ. ಇಸ್ತಿಯಾಕ ಬಂದರೆ ಯಾವ ಲಾರಿ ಬಂದಿದೆ ಎಂದು ಕೇಳುತ್ತಾನೆ. ಹೆಂಡತಿಯೊಬ್ಬಳೇ ಮರಳಲಿಲ್ಲ. ‘ನಿಮ್ಮವ್ವ ಎಲ್ಲಿ ಹೋಗ್ಯಾಳ?’ ಎಂದು ಮಗಳನ್ನು ಕೇಳುತ್ತಾನೆ, ಅವ್ವ ಅಲ್ಲೇ ಎದುರಿಗೆ ರೊಟ್ಟಿ ಬಡಿಯುತ್ತಿರುವಾಗ. ಈ ಹೆಂಗಸು ಕೊಟ್ಟದ್ದನ್ನು ಉಣ್ಣುವುದಿಲ್ಲ, ನಮ್ಮಾಕಿ ಬರಲಿ ಎಂದು ತಟ್ಟೆ ಸರಿಸುತ್ತಾನೆ.

ಉಪಾಯ ಹೂಡಿದವಳು ವಿದ್ಯಾ. ಅದರಂತೆ ರುಕ್ಮವ್ವ ತಟ್ಟೆ ಬಿಟ್ಟು ಎದ್ದು, ಹಿತ್ತಲ ಬಾಗಿಲಿಂದ ಹೊರಬಿದ್ದು, ಮನೆ ಸುತ್ತಿ, ಮುಂಬಾಗಿಲಲ್ಲಿ ಬಂದು ನಿಂತು, ‘ರೀ, ಉಂಡ್ರೇನ್ರಿ?’ ಎಂದಳು.

‘ಬಂದ್ಯಾ?’ ಎಂದ ದುರಗಪ್ಪ. ‘ಎಲ್ಲಿ ಹೋಗಿದ್ದಿ? ಆ ಹೆಂಗಸು ಹ್ವಾದ್ಲೇನ?’

‘ಹ್ವಾದ್ಲರಿ.’

‘ಆಕಿನ್ನ ಒಳಗ ಬಿಡಬ್ಯಾಡ. ನಿನ್ನ ಸೀರಿ ಉಟ್ಕೊಂಡ ಅಡ್ಡಾಡ್ತಾಳ.’

‘ಬಿಡೂದಿಲ್ಲ ತಗೋರಿ’ ಎಂದು ತುತ್ತು ಬಾಯಿಗಿಟ್ಟಳು. ಉಂಡ. ಹಾಗೆ ದಿನವೂ ಮನೆ ಸುತ್ತಿ ಬಂದು, ತನ್ನನ್ನು ತಾನೇ ಹೊರಹಾಕಿ, ಗಂಡನಿಗೆ ಊಟ ಮಾಡಿಸಿದಳು. ಓಣಿಯವರು ಮೊದಮೊದಲು ನಕ್ಕರು, ಆಮೇಲೆ ಆಕೆ ಹೊರಗೆ ಬರುವ ಹೊತ್ತಿಗೆ ಬಾಗಿಲು ಮುಂದಕ್ಕೆ ಮಾಡಿಕೊಳ್ಳತೊಡಗಿದರು. ನೋಡಲಾಗುತ್ತಿರಲಿಲ್ಲ ಅವರಿಗೆ.

ಮೊನ್ನೆ ಆ ಉಪಾಯವೂ ಕೈಕೊಟ್ಟಿತು. ಮಧ್ಯಾಹ್ನ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿಟ್ಟು, ಸುತ್ತಿ ಬಂದು, ‘ರೀ’ ಎಂದಳು. ದುರಗಪ್ಪ ಬಹಳ ಹೊತ್ತು ಆಕೆಯನ್ನು ನೋಡಿದ. ನೋಡಿದ ಎಂದರೆ ಖರೆಯೇ ನೋಡಿದ, ಕಣ್ಣಲ್ಲಿ ಕಣ್ಣಿಟ್ಟು. ಆಕೆಗೆ ಆಸೆ ಹುಟ್ಟಿತು.

‘ನೀವು ಛಲೋ ಮಂದಿ ಅದೀರಿ’ ಎಂದ. ‘ಆದ್ರ ಆಕಿಯಂಗ ಮಾತಾಡಬ್ಯಾಡ್ರಿ ಯವ್ವಾ. ನನಗ ಸಂಕಟ ಆಗತೈತಿ.’

ರುಕ್ಮವ್ವ ತಟ್ಟೆಯ ಪಕ್ಕ ಕುಳಿತಳು. ಇನ್ನು ನಾಟಕ ಮಾಡಲು ತ್ರಾಣವಿರಲಿಲ್ಲ. ‘ಆತ್ರಿ. ಮಾತಾಡೂದಿಲ್ಲ’ ಎಂದಳು.

‘ನಮ್ಮಾಕಿ ಎಲ್ಲರೆ ಸಿಕ್ರ ಒಂದ್ ಮಾತ ಹೇಳ್ತೀರೇನ?’

‘ಏನ್ ಹೇಳ್ಲಿರಿ?’

ಮಾತು ತಡವರಿಸಿ ತಡವರಿಸಿ ಬಂತು. ‘ಆಕಿ ಸಿಟ್ಟಿಗೆದ್ದ ಹೋಗ್ಯಾಳ. ನಿಮ್ಮ ಲಕ್ಷ್ಯ ಎಲ್ಲೈತಿ, ಲಕ್ಷ್ಯ ಎಲ್ಲೈತಿ ಅಂತ ಅಳ್ತಿದ್ಲು. ಆಕಿ ಆಡಿದ್ದೆಲ್ಲಾ ನನಗ ಕೇಳಸ್ತಿತ್ರಿ. ಒಂದ್ ಮಾತೂ ಬಿಟ್ಟಿಲ್ಲ. ಓಣಿ ಸುದ್ದಿ, ಬೈಗಳ, ಎಲ್ಲಾ. ಈ ಹಾಳ ಮಾರಿ ತಿರಗ್ತಿರಲಿಲ್ಲ ಅಷ್ಟ. ಲಕ್ಷ್ಯ ಎಲ್ಲಾ ಆಕಿ ಮ್ಯಾಲೇ ಇತ್ತು ಅಂತ ಹೇಳ್ರಿ.’

ರುಕ್ಮವ್ವ ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ಅವನ ತುಟಿಯ ಹತ್ತಿರ ಹಿಡಿದಳು.

‘ಹೇಳ್ತೇನ್ರಿ’ ಎಂದಳು. ‘ಸಿಕ್ಕರ ಹೇಳ್ತೇನಿ. ನೀವು ಉಣ್ರಿ.’